ಮನೆಯ ಕಂಪ್ಯೂಟರಿನಲ್ಲಿ ಕುಕೀಗಳು: ಯಾವುದನ್ನು ಅಳಿಸಬೇಕು, ಯಾವುದನ್ನು ಉಳಿಸಿಕೊಳ್ಳಬೇಕು?

ಹೇಮಾವತಿ_ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್ ಇದೆ. ವಿಂಡೋಸ್‌ನಲ್ಲಿ ಕ್ರೋಮ್ ಬಳಸುತ್ತೇವೆ. ನಾನು ಬ್ಯಾಂಕಿನ ವ್ಯವಹಾರ ಮತ್ತು ಕರೆಂಟ್ ಬಿಲ್ಲಿನ ಪಾವತಿಯನ್ನು ಅದರಲ್ಲೇ ಮಾಡುತ್ತೇನೆ, ಮಗಳು ಕಾಲೇಜಿನ ಪಾಠಗಳಿಗೆ ಅದನ್ನೇ ಬಳಸುತ್ತಾಳೆ. ನನ್ನ ಪತ್ನಿ ಇತ್ತೀಚೆಗೆ ಹೊಲಿಗೆ ಯಂತ್ರವೊಂದರ ಬೆಲೆ ನೋಡಿದ ಮೇಲೆ, ನಾನು ದಿನಪತ್ರಿಕೆಯ ಜಾಲತಾಣ ತೆರೆದರೂ ಮಳೆಯ ಮುನ್ಸೂಚನೆ ನೋಡಿದರೂ ಅದೇ ಯಂತ್ರದ ಜಾಹೀರಾತು ಎದುರಾಗುತ್ತಿದೆ. ಇದಕ್ಕೆ ಕುಕೀಗಳೇ ಕಾರಣವೆಂದು ಕೇಳಿ, ಆಗಾಗ ಎಲ್ಲವನ್ನೂ ಅಳಿಸುತ್ತಿದ್ದೇನೆ. ಆದರೆ ಹಾಗೆ ಮಾಡಿದಾಗಲೆಲ್ಲ ಮಗಳು ಪ್ರತಿಯೊಂದು ಖಾತೆಗೂ ಮತ್ತೆ ಪಾಸ್‌ವರ್ಡ್, ಒಟಿಪಿ ಕೊಟ್ಟು ಒಳಹೋಗಬೇಕಾಗುತ್ತದೆ. ಜಾಹೀರಾತುಗಳೂ ಕೆಲ ದಿನಗಳಲ್ಲಿ ಮರಳಿ ಬರುತ್ತವೆ. ಕುಕೀ ಎಂಬುದು ವೈರಸ್ಸಿನಂಥದ್ದೇ? ನನ್ನ ಕಡತಗಳನ್ನು ಅದು ಓದಬಲ್ಲದೇ? ‘ಅಕ್ಸೆಪ್ಟ್ ಆಲ್’ ಎಂದು ಕೇಳುವ ಪಟ್ಟಿಗೆ ಏನೆಂದು ಉತ್ತರಿಸಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಬಯಲುಸೀಮೆ:

ಸರ್, ಮೊದಲನೆಯದಾಗಿ, ಕುಕೀ ವೈರಸ್ ಅಲ್ಲ. ಅದು ತಾನಾಗಿ ಏನನ್ನೂ ಮಾಡುವ ಪ್ರೋಗ್ರಾಂ ಅಲ್ಲ. ಜಾಲತಾಣವು ನಿಮ್ಮ ಬ್ರೌಸರಿಗೆ ಕೊಟ್ಟು ಇಟ್ಟುಕೊಳ್ಳಲು ಹೇಳುವ, ಸುಮಾರು 4,096 ಬೈಟ್‌ಗಳನ್ನು ಮೀರದ ಒಂದು ತುಣುಕು ಪಠ್ಯ. ನಿಮ್ಮ ಕಡತಗಳನ್ನು ಅದು ಓದಲಾರದು.

ಇದು ಏಕೆ ಬೇಕಾಯಿತೆಂದು ತಿಳಿದರೆ ಉಳಿದದ್ದು ಸುಲಭವಾಗುತ್ತದೆ. ವೆಬ್‌ನ ಮೂಲ ವ್ಯವಸ್ಥೆಗೆ ನೆನಪಿನ ಶಕ್ತಿಯಿಲ್ಲ. ಈಗ ತಾನೇ ಒಂದು ಪುಟ ಕೇಳಿದವರೇ ಮುಂದಿನ ಪುಟವನ್ನೂ ಕೇಳುತ್ತಿದ್ದಾರೆ ಎಂಬುದು ಪುಟ ಕಳುಹಿಸುವ ಜಾಲತಾಣದ ಕಂಪ್ಯೂಟರಿಗೆ, ಅಂದರೆ ಸರ್ವರ್‌ಗೆ, ತಾನಾಗಿ ತಿಳಿಯುವುದಿಲ್ಲ. ಆನ್‌ಲೈನ್ ಅಂಗಡಿಯಲ್ಲಿ ಗ್ರಾಹಕರು ಆರಿಸಿದ ಸಾಮಾನುಗಳನ್ನು ನೆನಪಿಡಲು ದಾರಿ ಬೇಕಾದಾಗ, ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ 1994ರಲ್ಲಿ ಕುಕೀಯನ್ನು ರೂಪಿಸಿದರು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ನಿನಂತೆ, ಲಾಗಿನ್ ಕುಕೀಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ಗುರುತಿನ ಸಂಖ್ಯೆ ಮಾತ್ರ. ಆ ಸಂಖ್ಯೆಗೆ ಸೇರಿದ ವಿವರವೆಲ್ಲ ಜಾಲತಾಣದ ಕಡೆಯೇ ಇರುತ್ತದೆ. ನೀವು ಎಲ್ಲವನ್ನೂ ಅಳಿಸಿದಾಗ ಮಗಳ ಟೋಕನ್ನುಗಳೂ ಹೋಗುತ್ತವೆ, ಆದ್ದರಿಂದಲೇ ಆಕೆ ಮತ್ತೆ ಒಟಿಪಿ ಕೊಡಬೇಕಾಗುತ್ತದೆ.

ಹೊಲಿಗೆ ಯಂತ್ರದ ಕಥೆ ಬೇರೆ. ಅಂಗಡಿಯ ಪುಟದಲ್ಲಿ ಅಂಗಡಿಯವರದಲ್ಲದ ಜಾಹೀರಾತು ಕಂಪನಿಯೊಂದರ ತುಣುಕೂ ಸೇರಿರುತ್ತದೆ. ಆ ತುಣುಕನ್ನು ತರಲು ಬ್ರೌಸರ್ ಆ ಕಂಪನಿಯ ಸರ್ವರನ್ನು ಸಂಪರ್ಕಿಸಿದಾಗ, ಅದೂ ತನ್ನದೊಂದು ಕುಕೀಯನ್ನು ಇಡುತ್ತದೆ. ಇದನ್ನೇ ಥರ್ಡ್ ಪಾರ್ಟಿ ಕುಕೀ ಎನ್ನುತ್ತಾರೆ. ಮುಂದೆ ದಿನಪತ್ರಿಕೆಯ ಪುಟದಲ್ಲೂ ಅದೇ ಕಂಪನಿಯ ತುಣುಕು ಇದ್ದರೆ, ಬ್ರೌಸರ್ ಹಳೆಯ ಕುಕೀಯನ್ನು ಅದಕ್ಕೆ ಮರಳಿ ಕಳುಹಿಸುತ್ತದೆ. ಕಂಪನಿ ಗುರುತು ಹಿಡಿಯುವುದು ಬ್ರೌಸರನ್ನು, ಅದರ ಮುಂದೆ ಕುಳಿತವರನ್ನಲ್ಲ. ಆದ್ದರಿಂದ ನಿಮ್ಮ ಪತ್ನಿಯವರು ನೋಡಿದ್ದು ನಿಮಗೆ ಕಾಣಿಸುತ್ತಿದೆ.

ಆಪಲ್‌ನ ಸಫಾರಿ 2020ರ ಮಾರ್ಚಿನಿಂದ ಇಂಥ ಕುಕೀಗಳನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ಜಾಲತಾಣದ ಕುಕೀಗಳನ್ನು ಬೇರೆ ಬೇರೆಯಾಗಿ ಕೂಡಿಹಾಕುತ್ತದೆ. ಗೂಗಲ್ ಕೂಡ ಕ್ರೋಮ್‌ನಿಂದ ಅವನ್ನು ತೆಗೆದುಹಾಕುವುದಾಗಿ 2020ರಲ್ಲಿ ಹೇಳಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನು ಕೈಬಿಟ್ಟಿತು. ಹೀಗಾಗಿ ಕ್ರೋಮ್ ಬಳಸುವವರು ತಾವೇ ತಡೆಯಬೇಕು: ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಅಂಡ್ ಸೆಕ್ಯುರಿಟಿ’, ಅದರೊಳಗೆ ‘ಥರ್ಡ್ ಪಾರ್ಟಿ ಕುಕೀಸ್’ ತೆರೆದು, ಅವನ್ನು ತಡೆಯುವ ಆಯ್ಕೆಯನ್ನು ಒತ್ತಿರಿ. ಇಷ್ಟು ಮಾಡಿ, ಒಮ್ಮೆ ಮಾತ್ರ ಹಳೆಯದನ್ನೆಲ್ಲ ಅಳಿಸಿದರೆ ಸಾಕು. ಮೇಲಿಂದ ಮೇಲೆ ಅಳಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಲ್ಯಾಬ್_ಟೀಚರ್:

ಬಯಲುಸೀಮೆಯವರ ವಿವರಣೆ ಸರಿಯಾಗಿದೆ. ಆದರೆ ಕುಕೀಯಿಂದ ಅಪಾಯವೇ ಇಲ್ಲವೆಂದು ಯಾರೂ ಭಾವಿಸಬಾರದು ಎಂಬ ಕಳಕಳಿಯಿಂದ ಇದನ್ನು ಬರೆಯುತ್ತಿದ್ದೇನೆ. ಟೋಕನ್ ಯಾರ ಕೈಯಲ್ಲಿದೆಯೋ ಅವರೇ ಚಪ್ಪಲಿ ಪಡೆಯುವಂತೆ, ಲಾಗಿನ್ ಆದ ಕುಕೀಯನ್ನು ಯಾರಾದರೂ ಕದ್ದರೆ, ಪಾಸ್‌ವರ್ಡ್ ಆಗಲಿ ಒಟಿಪಿ ಆಗಲಿ ಇಲ್ಲದೆಯೇ ನಿಮ್ಮ ಖಾತೆಯೊಳಗೆ ಹೋಗುವ ಸಾಧ್ಯತೆಯಿದೆ. ಇದನ್ನೇ ಕದಿಯಲು ಬರೆದ ದುಷ್ಟ ತಂತ್ರಾಂಶಗಳು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಮತ್ತು ಆಟಗಳ ಜೊತೆ ಸೇರಿಕೊಂಡು ಬರುತ್ತವೆ. ಅಂಥವನ್ನು ಮನೆಯ ಕಂಪ್ಯೂಟರಿಗೆ ಹಾಕದಿರುವುದು, ನನ್ನ ಅಭಿಪ್ರಾಯದಲ್ಲಿ, ಎಷ್ಟು ಬಾರಿ ಕುಕೀ ಅಳಿಸಿದರೂ ಸಿಗದ ರಕ್ಷಣೆ.

ಬ್ಯಾಂಕಿನ ಕೆಲಸ ಮುಗಿದಾಗ ಕಿಟಕಿಯನ್ನು ಸುಮ್ಮನೆ ಮುಚ್ಚದೆ ‘ಲಾಗ್‌ಔಟ್’ ಒತ್ತಿ. ಕುಕೀ ಅಳಿಸಿದರೆ ನಿಮ್ಮ ಕಡೆಯ ಗುರುತು ಮಾತ್ರ ಹೋಗುತ್ತದೆ. ಬ್ಯಾಂಕಿನ ಸರ್ವರಿನಲ್ಲಿ ಆ ಸೆಷನ್, ಅಂದರೆ ನಿಮ್ಮ ಆ ಲಾಗಿನ್, ಸ್ವಲ್ಪ ಹೊತ್ತು ಜೀವಂತವಾಗಿರಬಹುದು. ಲಾಗ್‌ಔಟ್ ಆದಾಗ ಸರ್ವರ್ ಅದನ್ನು ಅಲ್ಲಿಯೇ ಕೊನೆಗೊಳಿಸುತ್ತದೆ.

ಇನ್ನೊಂದು ಮಾತು. ಮೂವರಿಗೂ ಕ್ರೋಮ್‌ನಲ್ಲಿ ಬೇರೆ ಬೇರೆ ಪ್ರೊಫೈಲ್ ಮಾಡಿಕೊಡಿ. ಪ್ರತಿ ಪ್ರೊಫೈಲಿನ ಕುಕೀಗಳು ಪ್ರತ್ಯೇಕವಾಗಿರುವುದರಿಂದ ನೀವು ಅಳಿಸಿದ್ದು ಮಗಳಿಗೆ ತಟ್ಟುವುದಿಲ್ಲ. ಆದರೆ ಒಂದು ಪ್ರೊಫೈಲಿನಿಂದ ಇನ್ನೊಂದಕ್ಕೆ ಯಾರು ಬೇಕಾದರೂ ಹೋಗಬಹುದಾದ್ದರಿಂದ, ನಿಜವಾದ ಗೌಪ್ಯತೆ ಬೇಕಿದ್ದರೆ ವಿಂಡೋಸ್‌ನಲ್ಲೇ ಪಾಸ್‌ವರ್ಡ್ ಇರುವ ಬೇರೆ ಬೇರೆ ಖಾತೆಗಳನ್ನು ತೆರೆಯುವುದು ಒಳ್ಳೆಯದು.

ನದಿಮೂಲ:

ಒಪ್ಪಿಗೆ ಕೇಳುವ ಪಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ. ಅದು ವ್ಯಾಪಕವಾಗಿ ಹರಡಿದ್ದು ಯುರೋಪಿನ ಕಾನೂನುಗಳಿಂದ, ವಿಶೇಷವಾಗಿ 2018ರಲ್ಲಿ ಜಿಡಿಪಿಆರ್ ಎಂಬ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನು ಜಾರಿಯಾದ ಮೇಲೆ. ‘ರಿಜೆಕ್ಟ್ ಆಲ್’ ಇದ್ದರೆ ಧೈರ್ಯವಾಗಿ ಅದನ್ನೇ ಒತ್ತಿ. ಜಾಲತಾಣ ನಡೆಯಲು ಬೇಕಾದ ಕುಕೀಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ನೀವು ಬೇಡವೆಂದ ಉತ್ತರವನ್ನು ಸಾಮಾನ್ಯವಾಗಿ ನೆನಪಿಡುವುದೂ ಒಂದು ಕುಕೀಯೇ ಆದ್ದರಿಂದ, ಎಲ್ಲವನ್ನೂ ಅಳಿಸುವವರಿಗೆ ಆ ಪಟ್ಟಿ ಮತ್ತೆ ಮತ್ತೆ ಕಾಣಿಸುತ್ತದೆ. ಅಲ್ಲದೆ, ಕುಕೀ ತಡೆದ ಮಾತ್ರಕ್ಕೆ ಹಿಂಬಾಲಿಸುವುದು ಪೂರ್ತಿ ನಿಲ್ಲುವುದಿಲ್ಲ. ಪರದೆಯ ಅಳತೆ, ಫಾಂಟ್‌ಗಳು ಮುಂತಾದ ಲಕ್ಷಣಗಳನ್ನು ಕೂಡಿಸಿ ಬ್ರೌಸರನ್ನು ಗುರುತಿಸುವ ವಿಧಾನವೂ ಇದೆ. ನೀವು ಯಾವುದಾದರೂ ಖಾತೆಗೆ ಲಾಗಿನ್ ಆಗಿದ್ದರೆ ಆ ಕಂಪನಿಗೆ ಥರ್ಡ್ ಪಾರ್ಟಿ ಕುಕೀಯ ಹಂಗೂ ಇರುವುದಿಲ್ಲ.

ಹೇಮಾವತಿ_ದಂಡೆ:

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪ್ರೊಫೈಲುಗಳನ್ನು ಮಾಡಿ, ಥರ್ಡ್ ಪಾರ್ಟಿ ಕುಕೀಗಳನ್ನು ತಡೆದಿದ್ದೇನೆ. ಆದರೆ ಈಗ ಮಗಳ ಕಾಲೇಜಿನ ಪುಟದೊಳಗಿರುವ ಪಾಠದ ವಿಡಿಯೊ ‘ಲಾಗಿನ್ ಆಗಿ’ ಎಂದು ಕೇಳುತ್ತಲೇ ಇದೆ. ಮತ್ತೆ ಎಲ್ಲವನ್ನೂ ಬಿಡಬೇಕೇ?

ಬಯಲುಸೀಮೆ:

ಬೇಡ ಸರ್. ವಿಡಿಯೊ ಬೇರೊಂದು ಸಂಸ್ಥೆಯ ಸರ್ವರಿನಿಂದ ಬರುತ್ತಿರಬೇಕು. ಹಾಗಾಗಿ ಅದರ ಕುಕೀಯೂ ಥರ್ಡ್ ಪಾರ್ಟಿ ಎಂದೇ ಲೆಕ್ಕ. ಮಗಳ ಪ್ರೊಫೈಲಿನಲ್ಲಿ ಅದೇ ‘ಥರ್ಡ್ ಪಾರ್ಟಿ ಕುಕೀಸ್’ ಪುಟದ ಕೆಳಭಾಗಕ್ಕೆ ಹೋದರೆ, ಅನುಮತಿ ಪಡೆದ ಜಾಲತಾಣಗಳ ಪಟ್ಟಿ ಸಿಗುತ್ತದೆ. ಕಾಲೇಜಿನ ಜಾಲತಾಣದ ವಿಳಾಸವನ್ನು ಅಲ್ಲಿ ಸೇರಿಸಿ, ಪುಟವನ್ನು ರಿಫ್ರೆಶ್ ಮಾಡಿ.