ಪೈಥಾನ್‌ನಲ್ಲಿ ಎರಡು ಲಿಸ್ಟ್ ಜೋಡಿಸುವುದು ಹೇಗೆ? ಮಾಡಿ ನೋಡಿದವರು ಹೇಳಿ

ಮೂಡಿಗೆರೆಯಿಂದ ಪ್ರಶ್ನೆ: ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಶುರು ಮಾಡಿ ಮೂರು ವಾರ ಆಯಿತು. ಅಭ್ಯಾಸಕ್ಕೆ ನಮ್ಮ ತೋಟದ ಕಾಫಿ ಕೊಯ್ಲಿನ ಲೆಕ್ಕವನ್ನೇ ಇಟ್ಟುಕೊಂಡಿದ್ದೇನೆ. ಒಂದು ಲಿಸ್ಟಿನಲ್ಲಿ 12 ಜನರ ಹೆಸರು, ಇನ್ನೊಂದರಲ್ಲಿ ಅವರು ಕೊಯ್ದ ಹಣ್ಣಿನ ಕಿಲೋ. ನಡುವೆ ಪ್ಲಸ್ ಹಾಕಿದೆ. ಹೆಸರೆಲ್ಲ ಮುಂದೆ, ಕಿಲೋ ಎಲ್ಲ ಹಿಂದೆ ಉದ್ದಕ್ಕೆ ನಿಂತವು. ಯಾರು ಎಷ್ಟು ಕೊಯ್ದರು ಅಂತ ಬರಬೇಕು.

ಹಾಸನದಿಂದ: ಪ್ಲಸ್ ಒಂದು ಲಿಸ್ಟಿನ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತದೆ, ಅಷ್ಟೇ. ನಿಮಗೆ ಬೇಕಾದ್ದು ಪೈಥಾನ್‌ನಲ್ಲೇ ಇರುವ ಜಿಪ್ (zip) ಅನ್ನುವ ಫಂಕ್ಷನ್. ಸ್ವೆಟರ್ ಜಿಪ್ ಎಳೆದಾಗ ಈ ಕಡೆ ಹಲ್ಲು ಆ ಕಡೆ ಹಲ್ಲಿಗೆ ಕೂರುತ್ತದಲ್ಲ, ಹಾಗೆ. ಜಿಪ್ ಬ್ರಾಕೆಟ್ಟಿನೊಳಗೆ ಎರಡೂ ಲಿಸ್ಟ್ ಕೊಟ್ಟು, ಒಂದೊಂದೇ ಜೋಡಿಯನ್ನು ಸರದಿಯಲ್ಲಿ ತೆಗೆಯುವ ಒಂದೇ ಫಾರ್ ಲೂಪ್ ಹಾಕಿ. ನಾನು ಮೊದಲು ಫಾರ್ ಒಳಗೆ ಫಾರ್ ಬರೆದಿದ್ದೆ. ನಿಮ್ಮ ಲೆಕ್ಕಕ್ಕೆ ಹಾಗೆ ಮಾಡಿದರೆ 144 ಸಾಲು ಬಂದೀತು, ಪ್ರತಿಯೊಬ್ಬರಿಗೂ ಎಲ್ಲರ ಕಿಲೋ!

ಸಕಲೇಶಪುರದಿಂದ: ಜಿಪ್ ಸರಿ, ಆದರೆ ಹುಷಾರು. ಹೋದ ವರ್ಷ ನಾನು ಹೀಗೇ ಬಟವಾಡೆ ಪಟ್ಟಿ ಮಾಡಿದೆ. ಮಧ್ಯದಲ್ಲಿ ಒಬ್ಬರು ರಜೆ. ಅವರಿಗೆ ಸೊನ್ನೆ ಬರೆಯದೆ ಸುಮ್ನೆ ಬಿಟ್ಟೆ. ಮುಂದಿನವರ ಕಿಲೋ ಅವರಿಗೆ ಹೋಯಿತು. ಅಲ್ಲಿಂದ ಕೆಳಗೆ ಎಲ್ಲರದೂ ಒಂದೊಂದು ಮನೆ ಸರಿಯಿತು. ಕೊನೆಯಲ್ಲಿದ್ದ ಅಕ್ಕನ ಹೆಸರೇ ಮಾಯ. ಚಿಕ್ಕ ಲಿಸ್ಟ್ ಮುಗಿದ ಕೂಡಲೇ ಜಿಪ್ ನಿಲ್ಲುತ್ತದೆ, ಎರರ್ ಕೊಡುವುದಿಲ್ಲ. ದುಡ್ಡು ಹಂಚುವಾಗ "ನಂದೆಲ್ಲಿ ಅಣ್ಣಾ?" ಅಂದ ಮೇಲೇ ನನಗೆ ಗೊತ್ತಾಗಿದ್ದು. ಪೈಥಾನ್ 3.10ರಿಂದ ಜಿಪ್ ಒಳಗೆ 'ಸ್ಟ್ರಿಕ್ಟ್ = ಟ್ರೂ' ಅಂತ ಕೊಡಬಹುದು. ಉದ್ದ ಬೇರೆ ಇದ್ದರೆ ವ್ಯಾಲ್ಯೂ ಎರರ್ ಬರುತ್ತದೆ. ಪೈಥಾನ್ ಜೊತೆಗೇ ಬರುವ ಇಟರ್‌ಟೂಲ್ಸ್ ಮಾಡ್ಯೂಲ್‌ನಲ್ಲಿ ಜಿಪ್ ಲಾಂಗೆಸ್ಟ್ ಅಂತಲೂ ಇದೆ, ಕೊರತೆ ಬಿದ್ದಲ್ಲಿ ಸೊನ್ನೆ ತುಂಬಿಸಬಹುದು. ನಿಮಗೆ ಬೇಡ. ಆ ಸೊನ್ನೆ ಬೀಳುವುದು ಕೊನೆಯವರ ತಲೆ ಮೇಲೆ, ರಜೆ ಹಾಕಿದವರ ಮೇಲಲ್ಲ.

ಚಿಕ್ಕಮಗಳೂರಿನಿಂದ: ಇನ್ನೊಂದು. ಜಿಪ್ ಅನ್ನು ವೇರಿಯೇಬಲ್‌ಗೆ ಹಾಕಿ ಎರಡು ಸಲ ಲೂಪ್ ಮಾಡಿದರೆ ಎರಡನೇ ಸಲ ಖಾಲಿ. ನಾನು ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೆ. ಮತ್ತೆ ಬೇಕಿದ್ದರೆ 'ಲಿಸ್ಟ್' ಒಳಗೆ ಸುತ್ತಿ ಇಟ್ಟುಕೊಳ್ಳಿ. ಬೆಳಿಗ್ಗೆ ತೂಕ, ಸಂಜೆ ತೂಕ ಕೂಡಿಸಲೂ ಇದೇ ದಾರಿ: ಜಿಪ್ ಮಾಡಿ, ಲೂಪ್ ಒಳಗೆ ಎರಡನ್ನೂ ಕೂಡಿಸಿ. ವೇರಿಯೇಬಲ್ ಹೆಸರು ಕನ್ನಡದಲ್ಲೇ ಇಟ್ಟರೂ ಪೈಥಾನ್ 3 ತಕರಾರು ಮಾಡುವುದಿಲ್ಲ, ಗೊತ್ತಾ?

ಮೂಡಿಗೆರೆಯಿಂದ ಮತ್ತೆ: ಸ್ಟ್ರಿಕ್ಟ್ ಹಾಕಿದೆ. ತಕ್ಷಣ ಎರರ್. ಎಣಿಸಿದರೆ ಕಿಲೋ ಇರುವುದು 11. ಪ್ಲಸ್ ಹಾಕಿದಾಗಲೇ 23 ಬಂದಿತ್ತು, ನಾನು ನೋಡಿರಲಿಲ್ಲ. ಈಗ ಚೆಕ್‌ರೋಲ್ (ಆಳುಗಳ ಹಾಜರಿ) ಪುಸ್ತಕ ಹಿಡಿದು ಕೂತಿದ್ದೇನೆ.