ಸಹಾಯ ಬೇಕು: ಸ್ಥಾವರದ ಹೊಗೆಯ ಜೊತೆ ನಗರದ ಹೊಗೆ ಬೆರೆತಾಗ ಲೆಕ್ಕ ಹೇಗೆ?

ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದರ ನೈಟ್ರೋಜನ್ ಆಕ್ಸೈಡ್ ಹೊರಸೂಸುವಿಕೆಯನ್ನು ಟ್ರೋಪೋಮಿ (ಉಪಗ್ರಹದಿಂದ ಗಾಳಿಯ ಮಾಲಿನ್ಯ ಅಳೆಯುವ ಉಪಕರಣ) ದತ್ತಾಂಶದಿಂದ ಅಂದಾಜು ಮಾಡುತ್ತಿದ್ದೇವೆ. ಗಾಳಿ ಬೀಸುವ ದಿಕ್ಕಿನಲ್ಲಿ ಸುಮಾರು 40 ಕಿ.ಮೀ. ದೂರಕ್ಕೆ ಒಂದು ನಗರವಿದೆ, ತೊಡಕು ಅಲ್ಲೇ.

ಈಗಿನ ಕ್ರಮ ಹೀಗಿದೆ. ಗುಣಮಟ್ಟದ ಅಂಕ 0.75ಕ್ಕಿಂತ ಕಡಿಮೆ ಇರುವ ಪಿಕ್ಸೆಲ್‌ಗಳನ್ನು ಕೈಬಿಡುತ್ತೇವೆ. ಉಪಗ್ರಹ ಹಾದುಹೋಗುವ ಮಧ್ಯಾಹ್ನ 1:30ರ ಆಸುಪಾಸಿನ ಇಆರ್‌ಎ5 (ಹವಾಮಾನ ಮರುವಿಶ್ಲೇಷಣೆಯ ದತ್ತಾಂಶ) ಗಾಳಿ ತೆಗೆದುಕೊಂಡು, ಸೆಕೆಂಡಿಗೆ 2 ಮೀಟರ್‌ಗಿಂತ ನಿಧಾನವಾಗಿ ಗಾಳಿ ಬೀಸಿದ ದಿನಗಳನ್ನು ಬಿಡುತ್ತೇವೆ. ಉಳಿದ ದಿನಗಳ ಚಿತ್ರಗಳನ್ನು ಸ್ಥಾವರದ ಸುತ್ತ ತಿರುಗಿಸಿ ಗಾಳಿಯನ್ನು ಒಂದೇ ದಿಕ್ಕಿಗೆ ತಂದು ಸರಾಸರಿ ಮಾಡುತ್ತೇವೆ. ಆ ಸರಾಸರಿಯ ರೇಖಾ ಸಾಂದ್ರತೆಗೆ (ಗಾಳಿಗೆ ಅಡ್ಡಲಾಗಿ ಕೂಡಿಸಿದ ರಾಶಿ) ಘಾತೀಯ ಗಾಸಿಯನ್ ವಕ್ರರೇಖೆ (ಮೂಲದಿಂದ ದೂರ ಹೋದಂತೆ ಅನಿಲ ಕರಗುವುದನ್ನು ತೋರಿಸುವ ಗೆರೆ) ಹೊಂದಿಸಿ, ಸಿಕ್ಕ ಒಟ್ಟು ರಾಶಿಯನ್ನು 1.32ರಿಂದ (ಉಪಗ್ರಹ ಅಳೆಯುವ ನೈಟ್ರೋಜನ್ ಡೈಆಕ್ಸೈಡ್‌ನಿಂದ ಒಟ್ಟು ನೈಟ್ರೋಜನ್ ಆಕ್ಸೈಡ್ ಪಡೆಯುವ ಗುಣಕ) ಗುಣಿಸಿ ಜೀವಿತಾವಧಿಯಿಂದ (ಅನಿಲ ಗಾಳಿಯಲ್ಲಿ ಉಳಿಯುವ ಸರಾಸರಿ ಸಮಯ) ಭಾಗಿಸುತ್ತೇವೆ.

ನಗರದ ಹೊಗೆ ಸೇರಿದ ಕೂಡಲೇ ವಕ್ರರೇಖೆಯ ಬಾಲ ಉದ್ದವಾಗುತ್ತದೆ. ಜೀವಿತಾವಧಿಯೂ ಒಟ್ಟು ರಾಶಿಯೂ ಒಟ್ಟಿಗೆ ಹಿಗ್ಗುತ್ತವೆ. ಎರಡರ ಅನುಪಾತ ಎತ್ತ ವಾಲುತ್ತದೆ ಎನ್ನುವುದು ಹಿನ್ನೆಲೆ ಮಟ್ಟವನ್ನು ಎಲ್ಲಿ ಹಿಡಿದೆವು ಅನ್ನುವುದರ ಮೇಲೆ ನಿಂತಿದೆ. ಹೊಂದಿಕೆಗೆ ಬಳಸುವ ದೂರವನ್ನು 30 ಕಿ.ಮೀ.ಗೆ ಕತ್ತರಿಸಿದರೆ ಬಾಲವೇ ಉಳಿಯುವುದಿಲ್ಲ: ಸೆಕೆಂಡಿಗೆ 5 ಮೀಟರ್ ವೇಗದ ಗಾಳಿಗೆ ಅಷ್ಟು ದೂರ ಎರಡು ಗಂಟೆಯ ದಾರಿ ಕೂಡ ಇಲ್ಲ.

ಫ್ಲಕ್ಸ್ ಡೈವರ್ಜೆನ್ಸ್ ವಿಧಾನ (ಪ್ರತಿ ಜಾಗದಿಂದ ಹೊರಹೋಗುವ ಮತ್ತು ಒಳಬರುವ ಅನಿಲದ ವ್ಯತ್ಯಾಸದಿಂದ ಮೂಲ ಗುರುತಿಸುವುದು) ಎರಡು ಮೂಲಗಳನ್ನು ಚೆನ್ನಾಗಿ ಬೇರ್ಪಡಿಸುತ್ತದೆ. ಆದರೆ ಗಾಳಿಯ ದಿಕ್ಕು ಸ್ವಲ್ಪ ತಪ್ಪಿದರೂ ಸ್ಥಾವರದ ಪಕ್ಕದಲ್ಲೇ ಋಣ ಮೌಲ್ಯದ ಕಲೆ ಮೂಡುತ್ತದೆ. ಅದನ್ನು ಸೊನ್ನೆ ಮಾಡುವುದು ತಪ್ಪು, ಮೊತ್ತ ಸುಳ್ಳಾಗಿ ಏರುತ್ತದೆ.

ಕೇಳಬೇಕಾದ್ದು ಇಷ್ಟು: ಎರಡು ಮೂಲಗಳಿಗೂ ಒಂದೇ ಜೀವಿತಾವಧಿ ಇಟ್ಟು ಜೋಡಿ ವಕ್ರರೇಖೆ ಹೊಂದಿಸಿದವರಿದ್ದೀರಾ? ಸ್ಥೂಲ ಪೂರ್ವಕಲ್ಪಿತ ಪ್ರೊಫೈಲ್ (ಎತ್ತರಕ್ಕೆ ತಕ್ಕಂತೆ ಅನಿಲ ಎಷ್ಟಿದೆ ಎಂಬ ಊಹೆ) ಬದಲು ಸೂಕ್ಷ್ಮ ಮಾದರಿಯ ಪ್ರೊಫೈಲನ್ನು ಆವರೇಜಿಂಗ್ ಕರ್ನಲ್ (ಯಾವ ಎತ್ತರದ ಅನಿಲಕ್ಕೆ ಅಳತೆ ಎಷ್ಟು ಸ್ಪಂದಿಸುತ್ತದೆ ಎಂಬ ಪಟ್ಟಿ) ಮೂಲಕ ಅಳವಡಿಸಿದ ಕೋಡ್ ಇದ್ದರೆ ದಯವಿಟ್ಟು ಹಂಚಿಕೊಳ್ಳಿ.