ಸೂಳೆಕೆರೆ ದೋಣಿಯ ಹಳೇ ಟೂ-ಸ್ಟ್ರೋಕ್ ಮೋಟಾರು: ಬಿಸಿ ಆದ ಮೇಲೂ ಹೊಗೆ ನಿಲ್ತಿಲ್ಲ

ಚನ್ನಗಿರಿ ದೋಣಿ:
ಎಲ್ಲರಿಗೂ ನಮಸ್ಕಾರ. ಸೂಳೆಕೆರೆಯಲ್ಲಿ ಬಲೆ ಬಿಡೋಕೆ ನಮ್ಮದೊಂದು ಫೈಬರ್ ದೋಣಿ ಇದೆ. ಅದಕ್ಕೆ ಮಲ್ಪೆ ಕಡೆಯಿಂದ ತಂದ, ದೋಣಿಯ ಹಿಂಬದಿಗೆ ಸಿಕ್ಕಿಸೋ ಸೆಕೆಂಡ್ ಹ್ಯಾಂಡ್ ಔಟ್‌ಬೋರ್ಡ್ ಮೋಟಾರು ಹಾಕಿದ್ದೀವಿ. ಟೂ-ಸ್ಟ್ರೋಕ್, ಎರಡು ಸಿಲಿಂಡರು, 15 ಎಚ್‌ಪಿ, ಒಂದೇ ಕಾರ್ಬುರೇಟರು. ಮಳೆಗಾಲಕ್ಕೆ ಮುಂಚೆ ಚೆನ್ನಾಗೇ ಓಡ್ತಿತ್ತು. ಮಳೆಗಾಲ ಪೂರ್ತಿ ಶೆಡ್ಡಲ್ಲಿತ್ತು, ಈಗ ಇಳಿಸಿದ ಮೇಲೆ ವಿಪರೀತ ಹೊಗೆ. ಸ್ಟಾರ್ಟ್ ಮಾಡಿದಾಗ ಮಾತ್ರ ಆಗಿದ್ರೆ ಸುಮ್ನಿರ್ತಿದ್ದೆ, ಆದ್ರೆ ಬಿಸಿ ಆದ ಮೇಲೂ ನೀಲಿ ಹೊಗೆ ಬರ್ತಾನೇ ಇದೆ. ನಿಧಾನಕ್ಕೆ ಓಡ್ಸಿದ್ರೆ ಬಿಕ್ಕಳಿಸುತ್ತೆ, ಜೋರು ಕೊಟ್ರೆ ಸ್ವಲ್ಪ ಸರಿಹೋಗುತ್ತೆ. ದೋಣಿ ಹಿಂದೆ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ಕಾಣುತ್ತೆ. ಇದೇ ಕೆರೆ ನೀರು ಚಿತ್ರದುರ್ಗದವರು ಕುಡಿಯೋಕೆ ಹೋಗುತ್ತೆ, ಅದಕ್ಕೇ ಹೆಚ್ಚು ಸಂಕಟ. ಪೆಟ್ರೋಲಿಗೆ ಬಂಕಲ್ಲಿ ಸಿಗೋ 2ಟಿ ಎಣ್ಣೆ, ಲೀಟರಿಗೆ 20 ಎಂಎಲ್ ಹಾಕ್ತೀವಿ. ಮೋಟಾರಿನ ಸ್ಟಿಕ್ಕರಲ್ಲೂ 50:1 ಅಂತಲೇ ಇದೆ. ಎಲ್ಲಿಂದ ಶುರು ಮಾಡ್ಲಿ?

ದಾವಣಗೆರೆ ಗ್ಯಾರೇಜ್:
ಅಣ್ಣಾ, ಎಣ್ಣೆ ಜಾಸ್ತಿ ಆಗಿದೆ ಅನ್ಸುತ್ತೆ. 10 ಎಂಎಲ್‌ಗೆ ಇಳಿಸಿ ನೋಡಿ. ಹಳೇ ಟೂ-ಸ್ಟ್ರೋಕ್ ಬೈಕಿಗೆ ನಾವು ಹಂಗೇ ಮಾಡೋದು.

ಮಲ್ಪೆ ಬಂದರು:
ಬೇಡ ಮಾರಾಯ್ರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಟೂ-ಸ್ಟ್ರೋಕಿಗೆ ಎಣ್ಣೆ ತುಂಬಿಡುವ ಪ್ರತ್ಯೇಕ ಆಯಿಲ್ ಸಂಪ್ ಇಲ್ಲ. ಕ್ರ್ಯಾಂಕಿನ ಬೇರಿಂಗಿಗೂ ಪಿಸ್ಟನ್ನಿಗೂ ಸಿಗುವುದು ಪೆಟ್ರೋಲಿನ ಜೊತೆ ಬರುವ ಆ ಎಣ್ಣೆ ಒಂದೇ. ಕಮ್ಮಿ ಮಾಡಿದ್ರೆ ಹೊಗೆ ಕಮ್ಮಿ ಆದದ್ದು ಕಾಣ್ತದೆ, ಆಮೇಲೆ ಫುಲ್ ಥ್ರಾಟಲಲ್ಲಿ ಪಿಸ್ಟನ್ ಹಿಡ್ಕೊಳ್ತದೆ. ತುಂಬ ಹಳೇ ಮೋಟಾರುಗಳಿಗೆ 25:1, ಅಂದ್ರೆ ಲೀಟರಿಗೆ 40 ಎಂಎಲ್ಲೇ ಬೇಕು. ನಿಮ್ಮದರಲ್ಲಿ 50:1 ಅಂತ ಬರ್ದಿದ್ರೆ 20 ಎಂಎಲ್ ಸರಿ ಉಂಟು, ಅದನ್ನು ಮುಟ್ಟುವುದು ಬೇಡ.

ಬದಲಾಯಿಸಬೇಕಾದದ್ದು ಎಣ್ಣೆಯ ಜಾತಿ. ಬಂಕಿನ 2ಟಿ ಗಾಳಿಯಲ್ಲಿ ತಣಿಯುವ ಬೈಕು, ಆಟೋ ಇಂಜಿನಿಗೆ ಮಾಡಿದ್ದು. ಔಟ್‌ಬೋರ್ಡಿಗೆ ಕೆರೆಯ ತಣ್ಣೀರು ಒಳಗೆ ಸುತ್ತುತ್ತಾ ಇರ್ತದೆ, ಇಂಜಿನ್ ಅಷ್ಟು ಬಿಸಿ ಆಗುವುದಿಲ್ಲ. ಅದಕ್ಕೆ ಡಬ್ಬದ ಮೇಲೆ ಟಿಸಿ-ಡಬ್ಲ್ಯು3 ಅಂತ ಬರೆದ ಮರೈನ್ ಎಣ್ಣೆಯೇ ಆಗ್ಬೇಕು. ಅದರಲ್ಲಿ ಬೂದಿ ಉಳಿಸುವ ಅಂಶ ಇರುವುದಿಲ್ಲ, ಪ್ಲಗ್ಗು, ರಿಂಗು ಗಲೀಜಾಗುವುದು ಕಮ್ಮಿ.

ಮತ್ತೊಂದು, ಮಳೆಗಾಲದ ಮುಂಚಿನ ಮಿಶ್ರಣ ಟ್ಯಾಂಕಲ್ಲೇ ಉಂಟಾ? ಇದ್ರೆ ತೆಗೀರಿ. ಪೆಟ್ರೋಲು ಆವಿಯಾಗಿ ಎಣ್ಣೆ ಉಳಿದಿರ್ತದೆ, ಹಾಗಾಗಿ ಈಗ ಅದು 50:1 ಅಲ್ಲ. ಈಗಿನ ಪೆಟ್ರೋಲಲ್ಲಿ ಎಥನಾಲ್ ಬೇರೆ, ಅದು ಗಾಳಿಯ ತೇವ ಎಳ್ಕೊಳ್ತದೆ.

ಮಾರಿಕಣಿವೆ:
ನಾನು ಹಿರಿಯೂರು ಕಡೆಯವ. ಎರಡು ವಿಷಯ ಕೇಳ್ಬೇಕು. ಮೊದಲನೇದು, ಹೊಗೆ ಗಾಳೀಲಿ ನಿಲ್ಲುತ್ತಾ, ತಕ್ಷಣ ಕರಗುತ್ತಾ? ಬೆಳ್ಳಗೆ ಬಂದು ಕೂಡಲೇ ಮಾಯವಾದ್ರೆ ಅದು ಹಬೆ, ಹೆಡ್ ಗ್ಯಾಸ್ಕೆಟ್ ಸೋರಿ ನೀರು ಒಳಗೆ ಹೋಗ್ತಿದೆ ಅಂತ ಅನುಮಾನ ಪಡ್ಬೇಕು. ಕಪ್ಪಾದ್ರೆ ಪೆಟ್ರೋಲ್ ಜಾಸ್ತಿ: ಚೋಕ್ ಪೂರ್ತಿ ತೆರೆದಿಲ್ಲ, ಇಲ್ಲಾ ಕಾರ್ಬುರೇಟರಲ್ಲಿ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್ ಅಂಟಿಕೊಂಡಿದೆ. ನೀಲಿ ಆಗಿ ನೀರಿನ ಮೇಲೇ ತೇಲ್ತಾ ಇದ್ರೆ ಎಣ್ಣೆ.

ಎರಡನೇದು, ಪರೀಕ್ಷೆ ಮಾಡಿದ್ದು ಕೆರೇಲಾ, ಡ್ರಮ್ಮಲ್ಲಾ? ಡ್ರಮ್ಮಲ್ಲಿ ಓಡ್ಸಿ ಹೊಗೆ ಅಳೀಬೇಡಿ. ಎಕ್ಸಾಸ್ಟ್ ಫ್ಯಾನಿನ ನಡುವಿಂದ ನೀರೊಳಗೇ ಬರೋದು, ಇಷ್ಟಗಲ ಜಾಗದಲ್ಲಿ ಗುಳ್ಳೆ ಒಡೆದು ಹೊಗೆಯೆಲ್ಲ ಮುಖಕ್ಕೇ ಬರುತ್ತೆ. ಒಳ್ಳೇ ಮೋಟಾರೂ ಅಲ್ಲಿ ಕೆಟ್ಟದ್ದಾಗೇ ಕಾಣುತ್ತೆ.

ಚನ್ನಗಿರಿ ದೋಣಿ:
ಕೆರೆಯಲ್ಲೇ ಓಡ್ಸಿದ್ದು. ನೀಲಿ ಹೊಗೆ, ತೇಲ್ತಾನೇ ಇರುತ್ತೆ. ಹಳೇ ಪೆಟ್ರೋಲ್ ತೆಗೆದೆ, ಟಿಸಿ-ಡಬ್ಲ್ಯು3 ತರಿಸಿ ಹೊಸ ಮಿಶ್ರಣ ಮಾಡಿದೆ. ಹೊಗೆ ಒಂದಿಷ್ಟು ಕಮ್ಮಿ ಆಯ್ತು, ವಾಸನೆನೂ ಇಳೀತು. ಆದ್ರೆ ಬಿಕ್ಕಳಿಕೆ ಹಂಗೇ ಇದೆ, ಎಣ್ಣೆ ಪದರ ಹೋಗಿಲ್ಲ. ಚೋಕ್ ಪೂರ್ತಿ ತೆರೆಯುತ್ತೆ, ಕಣ್ಣಾರೆ ನೋಡಿದೆ. ತಣ್ಣೀರು ಹೊರಗೆ ಚಿಮ್ಮೋ ತೂತಿಂದ ನೀರು ಚೆನ್ನಾಗಿ ಬರ್ತಿದೆ.

ಮಲ್ಪೆ ಬಂದರು:
ಹಾಗಾದ್ರೆ ಪ್ಲಗ್ ನೋಡುವ. ಸ್ವಲ್ಪ ಹೊತ್ತು ನಿಧಾನ ಓಡ್ಸಿ, ಆಫ್ ಮಾಡಿ, ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಡಿ. ಯಾವುದು ಮೇಲಿನದು, ಯಾವುದು ಕೆಳಗಿನದು ಅಂತ ಗುರ್ತು ಹಾಕ್ಕೊಳ್ಳಿ. ಸಿಲಿಂಡರಿನ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಸಿಕ್ಕಿದ್ರೆ ಅದನ್ನೂ ನೋಡಿ. ಅಂಕಿ ಎಷ್ಟು ಅನ್ನುವುದಕ್ಕಿಂತ ಎರಡರ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಉಂಟಾ ಅನ್ನುವುದು ಮುಖ್ಯ.

ಮತ್ತೆ, ನಮ್ಮ ಕಡೆಯ ನಾಡದೋಣಿಯವರು ಸೀಮೆಎಣ್ಣೆ ಮೋಟಾರು ಇಟ್ಕೊಳ್ಳುವುದು ಜಾಸ್ತಿ. ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ, ಬಿಸಿ ಆದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವ ತರದ್ದು. ಅದರ ಕಂಪ್ರೆಷನ್ನೇ ಕಮ್ಮಿ ಇರ್ತದೆ. ನಿಮ್ಮದು ಅದಲ್ಲ ತಾನೆ?

ಚನ್ನಗಿರಿ ದೋಣಿ:
ಅಲ್ಲ ಸರ್, ಪೆಟ್ರೋಲಿಂದೇ. ದಾವಣಗೆರೆಯಲ್ಲಿ ಬೈಕ್ ಮೆಕ್ಯಾನಿಕ್ ಒಬ್ರ ಗೇಜೇ ಈ ಪ್ಲಗ್ ತೂತಿಗೆ ಸರಿಯಾಗಿ ಕೂತ್ಕೊಂತು. ಮೇಲಿನದು 112, ಕೆಳಗಿನದು 110 ಪಿಎಸ್‌ಐ. ಪ್ಲಗ್ ಮಾತ್ರ ಅಜಗಜಾಂತರ. ಮೇಲಿನದರ ತುದಿ ಕಾಫಿಪುಡಿ ಬಣ್ಣ, ಒಣಗಿದೆ. ಕೆಳಗಿನದು ಕಪ್ಪಗೆ ಒದ್ದೆ, ಬೆರಳಲ್ಲಿ ಮುಟ್ಟಿದ್ರೆ ಜಿಡ್ಡು ಅಂಟುತ್ತೆ, ಪೆಟ್ರೋಲ್ ವಾಸನೆ ಹೊಡೆಯುತ್ತೆ.

ದಾವಣಗೆರೆ ಗ್ಯಾರೇಜ್:
ಕೆಳಗಿನ ಸಿಲಿಂಡರಿಗೆ ಕರೆಂಟ್ ಬರ್ತಿಲ್ಲ ಅಣ್ಣಾ. ಕಾಯಿಲ್ ನೋಡ್ಸಿ.

ಮಾರಿಕಣಿವೆ:
ಕಾಯಿಲಿಗೆ ದುಡ್ಡು ಹಾಕೋ ಮುಂಚೆ ಪ್ಲಗ್ ಅದಲು ಬದಲು ಮಾಡಿ. ಒದ್ದೆ ಪ್ಲಗ್ ಜೊತೆಗೇ ತೊಂದರೆ ಮೇಲಿನ ಸಿಲಿಂಡರಿಗೆ ಬಂದ್ರೆ ಪ್ಲಗ್ಗೇ ಕೆಟ್ಟಿರೋದು. ಮೇಲಿಂದ ತಂದ ಪ್ಲಗ್ಗೂ ಕೆಳಗೆ ಒದ್ದೆ ಆದ್ರೆ ಮುಂದೆ ನೋಡೋಣ. ಕಿಡಿ ನೋಡುವಾಗ ಕ್ಯಾಪಿಗೆ ಬೇರೆ ಪ್ಲಗ್ ಸಿಕ್ಕಿಸಿ ಬ್ಲಾಕಿಗೆ ತಾಗಿಸಿಟ್ಟಿರಿ. ಸುಮ್ನೆ ಗಾಳೀಲಿ ಬಿಟ್ರೆ ಕಿಡಿಗೆ ಕರೆಂಟ್ ಕೊಡೋ ಸಿಡಿಐ ಡಬ್ಬಿ ಸುಟ್ಟು ಹೋಗೋ ಅಪಾಯ ಇದೆ. ಸುತ್ತ ಪೆಟ್ರೋಲ್ ಚೆಲ್ಲಿರಬಾರ್ದು, ಬಿಚ್ಚಿದ ಪ್ಲಗ್ ತೂತಿಂದ ದೂರ ಇಡಿ.

ಚನ್ನಗಿರಿ ದೋಣಿ:
ಎರಡೂ ಕಡೆ ಕಿಡಿ ಚಟಚಟ ಅಂತ ನೀಲಿಯಾಗಿ ಬರ್ತಿದೆ. ಪ್ಲಗ್ ಬದಲಾಯಿಸಿದ್ರೂ ಕೆಳಗಿನದೇ ಒದ್ದೆ.

ಮಲ್ಪೆ ಬಂದರು:
ಆಯ್ತು, ಈಗ ದಾರಿ ಸಿಕ್ಕಿತು. ಕಂಪ್ರೆಷನ್ ಸಮ ಉಂಟು, ಕಿಡಿ ಉಂಟು, ಕಾರ್ಬುರೇಟರು ಎರಡಕ್ಕೂ ಒಂದೇ. ಕಾರ್ಬುರೇಟರಿಂದ ಜಾಸ್ತಿ ಹೋಗ್ತಿದ್ರೆ ಎರಡು ಪ್ಲಗ್ಗೂ ಒದ್ದೆ ಆಗ್ಬೇಕಿತ್ತು. ಒಂದಕ್ಕೆ ಮಾತ್ರ ಹೆಚ್ಚುವರಿ ಪೆಟ್ರೋಲ್ ಬೇರೆ ದಾರಿಯಿಂದ ಬರ್ತಾ ಉಂಟು. ಫ್ಯುಯೆಲ್ ಪಂಪ್ ಬಿಚ್ಚಿ.

ಈ ಪಂಪಿಗೆ ಮೋಟಾರಿಲ್ಲ, ವೈರಿಲ್ಲ. ಬ್ಲಾಕಿನ ಬದಿಗೆ ಎರಡು ಬೋಲ್ಟಲ್ಲಿ ಕೂತಿರ್ತದೆ. ಹಿಂದೆ ಒಂದು ಸಣ್ಣ ತೂತು ಒಂದು ಸಿಲಿಂಡರಿನ ಕ್ರ್ಯಾಂಕ್‌ಕೇಸಿಗೆ, ಅಂದ್ರೆ ಪಿಸ್ಟನ್ನಿನ ಕೆಳಗಿನ ಕೋಣೆಗೆ ಸೇರ್ತದೆ. ಪಿಸ್ಟನ್ ಮೇಲೆ ಕೆಳಗೆ ಹೋದಾಗ ಅಲ್ಲಿನ ಒತ್ತಡ ಏರಿಳಿದು ಪಂಪಿನೊಳಗಿನ ತೆಳು ಪೊರೆಯನ್ನು, ಅಂದ್ರೆ ಡಯಾಫ್ರಮ್ಮನ್ನು, ಅಲುಗಾಡಿಸ್ತದೆ, ಅದರಿಂದಲೇ ಪೆಟ್ರೋಲ್ ಎಳೆಯುವುದು. ಡಯಾಫ್ರಮ್ ಹರಿದ್ರೆ ಪೆಟ್ರೋಲ್ ಅದೇ ತೂತಿನ ಮೂಲಕ ನೇರ ಕ್ರ್ಯಾಂಕ್‌ಕೇಸಿಗೆ, ಆ ಒಂದು ಸಿಲಿಂಡರಿಗೆ ಮಾತ್ರ ಹೋಗ್ತದೆ. ಅದು ಪೂರ್ತಿ ಉರಿಯದೆ, ಎಣ್ಣೆ ಸಮೇತ ಹೊಗೆಯಾಗಿ, ಪದರವಾಗಿ ಹೊರಗೆ. ನಿಧಾನ ಓಡುವಾಗ ಬಿಕ್ಕಳಿಸುವುದಕ್ಕೂ ಅದೇ ಕಾರಣ.

ಪರೀಕ್ಷೆ ಸುಲಭ. ಪೆಟ್ರೋಲ್ ಪೈಪ್ ಪಂಪಿಗೆ ಹಾಗೇ ಇರ್ಲಿ. ಪಂಪನ್ನು ಬ್ಲಾಕಿಂದ ಎತ್ತಿ, ಕೆಳಗೆ ಡಬ್ಬ ಹಿಡಿದು, ಪೈಪಿನಲ್ಲಿರುವ ಕೈಬಲ್ಬ್, ಅಂದ್ರೆ ಪೆಟ್ರೋಲ್ ತಳ್ಳುವ ರಬ್ಬರ್ ಉಂಡೆ ಒತ್ತಿ. ಹಿಂದಿನ ತೂತಿಂದ ಒಂದು ಹನಿಯೂ ಬರ್ಬಾರ್ದು. ಇಂಜಿನ್ ತಣ್ಣಗಾದ ಮೇಲೆ ಮಾಡಿ, ಹತ್ರ ಬೀಡಿ ಸಿಗರೇಟು ಇಲ್ಲದ ಹಾಗೆ ನೋಡ್ಕೊಳ್ಳಿ.

ಚನ್ನಗಿರಿ ದೋಣಿ:
ಬಲ್ಬ್ ಒತ್ತಿದ ಕೂಡಲೇ ತೂತಿಂದ ಪೆಟ್ರೋಲ್ ದಾರದಂತೆ ಇಳೀತು! ಪಂಪ್ ಬಿಚ್ಚಿ ಡಯಾಫ್ರಮ್ ಬೆಳಕಿಗೆ ಹಿಡಿದೆ. ಗಟ್ಟಿಯಾಗಿ ಸುಕ್ಕುಗಟ್ಟಿದೆ, ಅಂಚಿನ ಹತ್ರ ಉಗುರಿನಷ್ಟು ಸೀಳು. ದಾವಣಗೆರೆಯಲ್ಲಿ ಇದು ಸಿಗೋ ಹಂಗಿಲ್ಲ. ಟ್ಯೂಬ್ ಕತ್ತರಿಸಿ ಹಾಕ್ಕೊಡ್ತೀನಿ ಅಂತ ಒಬ್ರು ಅಂದ್ರು, ಹಾಕ್ಲಾ?

ಮಲ್ಪೆ ಬಂದರು:
ಟ್ಯೂಬ್ ಬೇಡ. ಸೈಕಲ್ ಟ್ಯೂಬಿನ ರಬ್ಬರ್ ಪೆಟ್ರೋಲಲ್ಲಿ ಊದಿ ಮೆತ್ತಗಾಗ್ತದೆ. ಕೆರೆಯ ನಡುವೆ ಗಾಳಿಗೆ ಸಿಕ್ಕು ನಿಲ್ಲುವ ಪರಿಸ್ಥಿತಿ ನಿಮಗೆ ಬರ್ಬಾರ್ದು. ಮೋಟಾರಿನ ಮಾಡೆಲ್ ನಂಬರ್ ಹೇಳಿ ಮಂಗಳೂರು ಅಥವಾ ಮಲ್ಪೆಯ ಬೋಟ್ ಸ್ಪೇರ್ಸ್ ಅಂಗಡಿಗೆ ಫೋನ್ ಮಾಡಿದ್ರೆ ಡಯಾಫ್ರಮ್ಮು, ಗ್ಯಾಸ್ಕೆಟ್ಟು ಸೇರಿದ ಕಿಟ್ ಕೊರಿಯರಲ್ಲಿ ಕಳಿಸ್ತಾರೆ. ಎಥನಾಲ್ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ. ಪೈಪು, ಕೈಬಲ್ಬನ್ನೂ ಬಗ್ಗಿಸಿ ನೋಡಿ, ಬಿರುಕಿದ್ರೆ ಒಟ್ಟಿಗೇ ತರಿಸಿ.

ಚನ್ನಗಿರಿ ದೋಣಿ:
ಕಿಟ್ ಬಂತು, ಹಾಕಿದೆ, ಕೆಳಗಿನದಕ್ಕೆ ಹೊಸ ಪ್ಲಗ್ಗೂ ಹಾಕಿದೆ. ಮೊದಲು ಒಂದಿಷ್ಟು ಹೊತ್ತು ಭಾರೀ ಹೊಗೆ ಬಂತು, ಆಮೇಲೆ ಇಳೀತು. ಈಗ ನಿಧಾನಕ್ಕೆ ಓಡ್ಸಿದ್ರೂ ಸಮನಾಗಿ ಓಡುತ್ತೆ. ದೋಣಿ ಹಿಂದೆ ಪದರ ಬಹಳ ಕಮ್ಮಿ ಆಗಿದೆ. ಆದ್ರೆ ಬಲೆ ಬಿಡ್ತಾ ತುಂಬಾ ಹೊತ್ತು ನಿಧಾನಕ್ಕೆ ಹೋಗಿ, ಆಮೇಲೆ ಜೋರು ಕೊಟ್ರೆ ಒಂದು ಸಲ ಬುಸ್ ಅಂತ ಹೊಗೆ ಬರುತ್ತೆ. ಇದು ಸರಿನಾ?

ಮಾರಿಕಣಿವೆ:
ಸರಿಯೇ. ಮೊದಲು ಬಂದಿದ್ದು ಕ್ರ್ಯಾಂಕ್‌ಕೇಸಲ್ಲಿ ನಿಂತಿದ್ದ ಹಳೇ ಎಣ್ಣೆ. ನಿಧಾನಕ್ಕೆ ಓಡುವಾಗ ಈಗಲೂ ಒಳಗೆ ಸ್ವಲ್ಪ ಎಣ್ಣೆ ಕೂಡುತ್ತೆ, ಜೋರು ಕೊಟ್ಟಾಗ ಅದು ಉರಿದು ಹೋಗೋದು. ಒಂದೇ ಸಲಕ್ಕೆ ನಿಂತ್ರೆ ಯೋಚನೆ ಬೇಡ, ನಿಲ್ಲದಿದ್ರೆ ಥರ್ಮೋಸ್ಟಾಟ್ (ಇಂಜಿನ್ ಬಿಸಿ ಆದ ಮೇಲೆ ತಣ್ಣೀರಿಗೆ ದಾರಿ ಬಿಡೋ ಕವಾಟ) ತೆರೆದೇ ಸಿಕ್ಕೊಂಡಿದೆಯಾ ನೋಡಿ. ಇಂಜಿನ್ ಬಿಸಿ ಆಗದೆ ಓಡಿದ್ರೂ ಎಣ್ಣೆ ಸರಿಯಾಗಿ ಉರಿಯಲ್ಲ. ತೆಗೆದ ಹಳೇ ಪೆಟ್ರೋಲ್ ಏನ್ ಮಾಡಿದ್ರಿ?

ಚನ್ನಗಿರಿ ದೋಣಿ:
ಕ್ಯಾನಿಗೆ ತುಂಬಿ, ಬಿಡಿಭಾಗ ತೊಳೆಯೋಕೆ ಅಂತ ಗೇಜ್ ಕೊಟ್ಟ ಮೆಕ್ಯಾನಿಕ್‌ಗೇ ಕೊಟ್ಟೆ. ಕೆರೆ ದಡದಲ್ಲಿ ಒಂದು ಹನಿಯೂ ಚೆಲ್ಲಿಲ್ಲ. ಥರ್ಮೋಸ್ಟಾಟ್ ಭಾನುವಾರ ಬಿಚ್ಚಿ ಬಿಸಿನೀರಿಗೆ ಹಾಕಿ ನೋಡ್ತೀನಿ. ಮಲ್ಪೆ ಸರ್, ಮಾರಿಕಣಿವೆ ಅಣ್ಣಾ, ಇಬ್ಬರಿಗೂ ತುಂಬಾ ಉಪಕಾರ ಆಯ್ತು.